ಇಂಚಗೇರಿಯಿಂದ ಖೇತವಾಡಿಗೆ

ಮುಲುಂಡಿನ ನಮ್ಮ ಮನೆಗಳಲ್ಲಿ ಧ್ಯಾನ, ಮನಶ್ಶಾಂತಿಗಳ ಮಾತು ಬಂದಾಗ ಗಣೇಶಪುರಿಯ ಹೆಸರು ಬಂದೇ ಬರುತ್ತದೆ. ಕಾಞಂಗಾಡಿನ ಕಡೆಯಿಂದ ಬಂದ ನಿತ್ಯಾನಂದರನ್ನು ನಾವೆಲ್ಲ ಬಲ್ಲೆವು. ಆದರೆ ವಿಜಾಪುರ ಸೀಮೆಯ ಇಂಚಗೇರಿಯಿಂದ ಮುಂಬಯಿಗೆ ಹರಿದುಬಂದ ಇನ್ನೊಂದು ಪರಂಪರೆ ನಮ್ಮವರ ಗಮನಕ್ಕೆ ಅಷ್ಟಾಗಿ ಬಂದಿಲ್ಲ.

ನಿಂಬರಗಿ ಮಹಾರಾಜರ ಪರಂಪರೆಯ ಉಮದಿಯ ಭಾವುಸಾಹೇಬ ಮಹಾರಾಜರು (1843–1914) ಇಂಚಗೇರಿಯಲ್ಲಿ ಮಠ ಕಟ್ಟಿದರು. ಅವರದು ನಾಮಸ್ಮರಣೆಯ ಮಾರ್ಗ. ಗುರು ಕೊಟ್ಟ ನಾಮದಲ್ಲಿ ಮನಸ್ಸನ್ನಿಟ್ಟು ತಾಸುಗಟ್ಟಲೆ ಕೂಡಬೇಕು. ಚಂಚಲವಾದದ್ದು ತಾನಾಗಿ ತಣಿಯಬೇಕು. ಜಮಖಂಡಿಯ ಹುಡುಗ ರಾನಡೆ 1901ರಲ್ಲಿ ಅವರಿಂದ ನಾಮ ಪಡೆದ. ಮುಂದೆ ಅಲಹಾಬಾದಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ, 1957ರಲ್ಲಿ ನಿಂಬಾಳದಲ್ಲಿ ದೇಹವಿಟ್ಟ ಗುರುದೇವ ರಾನಡೆ ಇವರೇ.

ಸೊಲ್ಲಾಪುರದ ಕಡೆಯ ಸಿದ್ಧರಾಮೇಶ್ವರ ಮಹಾರಾಜರೂ (1888–1936) ಭಾವುಸಾಹೇಬರ ಶಿಷ್ಯರು. ಗುರುವಿನ ಕಾಲಾನಂತರ ಅವರನ್ನೊಂದು ಪ್ರಶ್ನೆ ಕಾಡಿತು: ಧ್ಯಾನವೇ ಕಡೆಯೇ, ಅದನ್ನೂ ದಾಟುವುದುಂಟೇ? ಧ್ಯಾನಕ್ಕಿಂತ ಮುಂದೇನೂ ಇಲ್ಲವೆಂದು ಗುರುಬಂಧುಗಳು ವಾದಿಸಿದರು. ಇವರು ಒಪ್ಪಲಿಲ್ಲ. ಮರದ ಹಣ್ಣಿಗೆ ಇರುವೆ ಬುಡದಿಂದ ತೆವಳುತ್ತ ಹೋಗುತ್ತದೆ, ಹಕ್ಕಿ ನೇರ ಹಾರುತ್ತದೆ. ಧ್ಯಾನ ಪಿಪೀಲಿಕ ಮಾರ್ಗ, ವಿಚಾರ ವಿಹಂಗಮ ಮಾರ್ಗ ಎಂಬುದು ಅವರ ಬೋಧೆಯಾಯಿತು. ಮಠದ ಅಭಿಮಾನಕ್ಕಿಂತ ಪ್ರಶ್ನೆಯನ್ನು ದೊಡ್ಡದೆಂದು ಬಗೆದ ಈ ಧೈರ್ಯ ನಮಗೆ ಹೆಚ್ಚು ಹಿಡಿಸುತ್ತದೆ.

ಮುಂಬಯಿಯಲ್ಲಿ 1933ರಲ್ಲಿ ಅವರ ಬಳಿಗೆ ಬಂದವರು ಬೀಡಿ ಅಂಗಡಿಯ ಮಾರುತಿ ಕಾಂಬಳಿ. ಹೆಂಡತಿ-ಮಕ್ಕಳು, ವ್ಯಾಪಾರ ಎಲ್ಲ ಇದ್ದ ಗೃಹಸ್ಥರು. ಗುರು ಹೇಳಿದ್ದು ಇಷ್ಟೇ: 'ನಾನು ಇದ್ದೇನೆ' ಎಂಬ ಅರಿವಿನಲ್ಲಿಯೇ ನಿಲ್ಲು. ಬಿಡುವಾದಾಗಲೆಲ್ಲ ಅದನ್ನೇ ಹಿಡಿದು, ಮೂರು ವರ್ಷದೊಳಗೆ ಅವರು ಎಚ್ಚೆತ್ತರು. ಅವರೇ ನಿಸರ್ಗದತ್ತ ಮಹಾರಾಜರು. ಗುರು ತೀರಿಕೊಂಡ ಮೇಲೆ ಮನೆ ಬಿಟ್ಟು ಹೊರಟರೂ ಕೆಲಕಾಲದಲ್ಲೇ ಹಿಂದಿರುಗಿ ಅಂಗಡಿಯಲ್ಲಿ ಕುಳಿತರು. ಖೇತವಾಡಿಯ ಅವರ ಮನೆಯ ಅಟ್ಟಕ್ಕೆ ಮುಂದೆ ದೇಶವಿದೇಶದವರು ಏಣಿ ಹತ್ತಿ ಬಂದರು. ಅವರ ಮರಾಠಿ ಸಂಭಾಷಣೆಗಳನ್ನು 1973ರಲ್ಲಿ ಇಂಗ್ಲಿಷಿಗಿಳಿಸಿ 'ಐ ಆ್ಯಮ್ ದಟ್' ಗ್ರಂಥವಾಗಿಸಿದವರು ಮಾರಿಸ್ ಫ್ರೀಡ್‌ಮನ್. ಈ ಪೋಲಿಷ್ ಎಂಜಿನಿಯರು ಹಿಂದೆ ಬೆಂಗಳೂರಿನಲ್ಲಿ ಮೈಸೂರು ಸರಕಾರದ ವಿದ್ಯುತ್ ಉಪಕರಣ ಕಾರ್ಖಾನೆಯನ್ನು ನಡೆಸಿದವರು! ಮಹಾರಾಜರು 1981ರಲ್ಲಿ ತೀರಿಕೊಂಡರು.

ಇವರನ್ನು ಕನ್ನಡದವರೆಂದು ಎಳೆದುಕೊಳ್ಳುವ ಆಸೆ ನಮಗಿಲ್ಲ. ಗಡಿಸೀಮೆಯಲ್ಲಿ ಗುರುವಿಗೆ ಶಿಷ್ಯ ದಕ್ಕಿದ್ದು ಭಾಷೆ ಕೇಳಿ ಅಲ್ಲ. ಸಿದ್ಧರಾಮೇಶ್ವರರ ಸಮಾಧಿ ವಾಲಕೇಶ್ವರದ ಬಾಣಗಂಗೆಯ ಬಳಿ ಇದೆ. ಮುಲುಂಡಿನವರು ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ ಅಲ್ಲಿಂದ ದೂರವಿಲ್ಲ.