ಆಕರ ವಿಮರ್ಶೆಯೂ ಜೀವನೋಪಾಯವೂ: ವಿಶ್ವವಿದ್ಯಾಲಯದ ಇತಿಹಾಸ ಅಧ್ಯಯನದ ಒಂದು ಪರಾಮರ್ಶೆ

ವಿಶ್ವವಿದ್ಯಾಲಯದಲ್ಲಿ ಇತಿಹಾಸವನ್ನು ಓದುವುದರ ಪ್ರಯೋಜನ ಕುರಿತ ಚರ್ಚೆ ಸಾಮಾನ್ಯವಾಗಿ ಉದ್ಯೋಗದ ಪ್ರಶ್ನೆಯಿಂದ ಆರಂಭವಾಗಿ ಅಲ್ಲಿಯೇ ಮುಗಿದುಬಿಡುತ್ತದೆ. ಆದರೆ ಈ ಪದವಿಯ ಬೌದ್ಧಿಕ ಮೌಲ್ಯವೂ ಅದು ತೆರೆಯುವ ವೃತ್ತಿಮಾರ್ಗಗಳೂ ಆಕರ ವಿಮರ್ಶೆಯ ತರಬೇತಿ ಎಂಬ ಒಂದೇ ನೆಲೆಯನ್ನು ಅವಲಂಬಿಸಿವೆ ಎಂಬುದನ್ನು ಕರ್ನಾಟಕದ ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶಾಸನ, ನಾಣ್ಯ, ಕಡತ, ಸಾಹಿತ್ಯಕೃತಿ ಮೊದಲಾದ ಯಾವುದೇ ದಾಖಲೆಯನ್ನು ಅದರ ಕಾಲ, ಕರ್ತೃತ್ವ, ಉದ್ದೇಶ ಹಾಗೂ ಪಾಠಶುದ್ಧಿಯ ದೃಷ್ಟಿಯಿಂದ ಪರೀಕ್ಷಿಸಿ, ಅದರ ಆಧಾರದ ಮೇಲೆ ಏನನ್ನು ಹೇಳಬಹುದು, ಏನನ್ನು ಹೇಳಲಾಗದು ಎಂದು ನಿರ್ಣಯಿಸುವ ಕ್ರಮವೇ ಆಕರ ವಿಮರ್ಶೆ.

ಈ ಕ್ರಮದ ಸ್ವರೂಪವನ್ನು ಹಲ್ಮಿಡಿ ಶಾಸನ ಸ್ಪಷ್ಟವಾಗಿ ತೋರಿಸುತ್ತದೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದಲ್ಲಿ 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ 16 ಸಾಲುಗಳ ಶಾಸನವು, ಯುದ್ಧದಲ್ಲಿ ಪರಾಕ್ರಮ ಮೆರೆದ ವಿಜ ಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ದತ್ತಿಯಾಗಿ ಕೊಟ್ಟುದನ್ನು ತಿಳಿಸುತ್ತದೆ. ಪಠ್ಯಪುಸ್ತಕಗಳು ಇದನ್ನು ಸುಮಾರು ಕ್ರಿ.ಶ. 450ಕ್ಕೆ ಸೇರಿಸುತ್ತವೆಯಾದರೂ ಶಾಸನದಲ್ಲಿ ಕಾಲದ ಉಲ್ಲೇಖವೇ ಇಲ್ಲ. ಅಕ್ಷರಗಳ ರೂಪ, ಸಂಸ್ಕೃತಭೂಯಿಷ್ಠವಾದ ಭಾಷೆ ಹಾಗೂ ಅಲ್ಲಿ ಬರುವ ಕಾಕುಸ್ಥನನ್ನು ಕದಂಬರ ಕಾಕುಸ್ಥವರ್ಮನೊಡನೆ ಗುರುತಿಸುವ ಸಾಧ್ಯತೆ ಇವುಗಳನ್ನು ಒಟ್ಟುಗೂಡಿಸಿ ವಿದ್ವಾಂಸರು ಆ ಕಾಲವನ್ನು ಊಹಿಸಿದ್ದಾರೆ, ಭಿನ್ನಾಭಿಪ್ರಾಯಗಳನ್ನೂ ಮಂಡಿಸಿದ್ದಾರೆ. ಶಿವಮೊಗ್ಗ ಜಿಲ್ಲೆಯ ತಾಳಗುಂದದಲ್ಲಿ ದೊರೆತ ಸಿಂಹಕಟಾಂಜನ ಶಾಸನವು ಇದಕ್ಕಿಂತ ಹಳೆಯದೆಂಬ ವಾದ ಮುಂದೆ ಬಂದ ಮೇಲೆ, ಮೊದಲ ಕನ್ನಡ ಶಾಸನ ಯಾವುದೆಂಬ ಪ್ರಶ್ನೆ ಮತ್ತೆ ಚರ್ಚೆಗೆ ಒಳಗಾಗಿದೆ. ನಿರ್ಣಯವೊಂದನ್ನು ಉರುಹೊಡೆಯುವುದಕ್ಕೂ ಅದರ ಹಿಂದಿನ ಆಧಾರಗಳನ್ನು ತೂಗಿನೋಡುವುದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿ ಇಂಥ ಚರ್ಚೆಗಳಿಂದಲೇ ಕಲಿಯುತ್ತಾನೆ.

ವೃತ್ತಿಯ ವಿಷಯಕ್ಕೆ ಬಂದರೆ, 1861ರಲ್ಲಿ ಸ್ಥಾಪಿತವಾದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ, ಮೈಸೂರಿನಲ್ಲಿರುವ ಅದರ ಶಾಸನ ವಿಭಾಗ, ರಾಜ್ಯದ ಪುರಾತತ್ವ ಇಲಾಖೆ, ವಸ್ತುಸಂಗ್ರಹಾಲಯಗಳು ಮತ್ತು ರಾಜ್ಯ ಪತ್ರಾಗಾರ ಈ ಶಿಸ್ತಿಗೆ ನೇರವಾಗಿ ಸಂಬಂಧಿಸಿದ ಕ್ಷೇತ್ರಗಳು. 1986ರಲ್ಲಿ ಹಂಪಿ, 1987ರಲ್ಲಿ ಪಟ್ಟದಕಲ್ಲು, 2023ರಲ್ಲಿ ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ಹೊಯ್ಸಳ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದರಿಂದ ಸ್ಮಾರಕಗಳ ದಾಖಲೀಕರಣ ಮತ್ತು ವ್ಯಾಖ್ಯಾನದ ಕಾರ್ಯಕ್ಕೂ ಮಹತ್ವ ಬಂದಿದೆ. ಅಧ್ಯಾಪನಕ್ಕೆ ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್ ಅಥವಾ ಕೆ-ಸೆಟ್ ಅರ್ಹತಾ ಪರೀಕ್ಷೆಗಳ ದಾರಿಯಿದೆ. ಕೇಂದ್ರ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಇತಿಹಾಸವು ಸಾಮಾನ್ಯ ಅಧ್ಯಯನದ ಭಾಗವಾಗಿಯೂ ಐಚ್ಛಿಕ ವಿಷಯವಾಗಿಯೂ ಇದೆ. ಪತ್ರಿಕೋದ್ಯಮ ಮತ್ತು ಕಾನೂನಿನಲ್ಲಿಯೂ ಪರಸ್ಪರ ವಿರುದ್ಧವಾದ ಸಾಕ್ಷ್ಯಗಳನ್ನು ಹೋಲಿಸಿ ನೋಡುವ ಇದೇ ಅಭ್ಯಾಸ ಬೇಕಾಗುತ್ತದೆ.

ಆದರೆ ಕೇವಲ ಪದವಿಪತ್ರ ಈ ದಾರಿಗಳನ್ನು ತೆರೆಯಲಾರದು. ಹಳಗನ್ನಡ ಬಾರದವನಿಗೆ ಶಾಸನ ಮೂಕವಾಗುತ್ತದೆ. ಮೋಡಿ ಲಿಪಿ ತಿಳಿಯದವನಿಗೆ ಮರಾಠರ ಆಳ್ವಿಕೆಗೆ ಸಂಬಂಧಿಸಿದ ಅಸಂಖ್ಯ ಕಾಗದಪತ್ರಗಳು ನಿಲುಕುವುದಿಲ್ಲ. ಆದ್ದರಿಂದ ಸ್ನಾತಕ ಹಂತದಲ್ಲಿಯೇ ಲಿಪಿಶಾಸ್ತ್ರವನ್ನೂ, ಪತ್ರಾಗಾರದಲ್ಲಿ ಕುಳಿತು ಮೂಲ ಕಡತಗಳನ್ನು ಓದುವ ಅಭ್ಯಾಸವನ್ನೂ ಕಡ್ಡಾಯಗೊಳಿಸುವುದು ಅಗತ್ಯ. ಹಾಗೆ ಮಾಡಿದಾಗ ವಿದ್ಯಾರ್ಥಿಗೆ ಉದ್ಯೋಗಕ್ಕೆ ಬೇಕಾದ ಕೌಶಲ ದೊರೆಯುವುದಲ್ಲದೆ, ಗತಕಾಲದ ಹೆಸರಿನಲ್ಲಿ ಮುಂದಿಡುವ ಯಾವುದೇ ಹೇಳಿಕೆಗೆ ಆಧಾರವೇನೆಂದು ಕೇಳಬಲ್ಲ ನಾಗರಿಕರೂ ಸಮಾಜಕ್ಕೆ ದೊರೆಯುತ್ತಾರೆ.