ಬರಿಗಾಲು, ಕ್ಯಾನ್ವಾಸ್ ಬೂಟು ಮತ್ತು ಒಂದು ಹಿಮ್ಮಡಿ ನೋವು

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ,

ಕಳೆದ ವರ್ಷ ತ್ಯಾಗರಾಜನಗರದ ನಮ್ಮ ಮನೆಯ ಹತ್ತಿರ ಹಿರಿಯರಿಗಾಗಿ ನಡೆಯುವ ಏರೋಬಿಕ್ಸ್ ತರಗತಿಗೆ ನಾನೂ ಸೇರಿಕೊಂಡೆ. ಕೆಲವೇ ವಾರಗಳಲ್ಲಿ ಹಿಮ್ಮಡಿ ನೋವು ಕಾಣಿಸಿಕೊಂಡಿತು. ಬೆಳಿಗ್ಗೆ ಹಾಸಿಗೆಯಿಂದಿಳಿದು ಮೊದಲ ಹೆಜ್ಜೆ ಇಟ್ಟರೆ ಮುಳ್ಳು ತುಳಿದಂತಾಗುತ್ತಿತ್ತು. ವೈದ್ಯರು ಕಾಲಿಗಿಂತ ಮೊದಲು ನನ್ನ ಕ್ಯಾನ್ವಾಸ್ ಬೂಟನ್ನು ಕೈಗೆತ್ತಿಕೊಂಡು ಮಡಚಿದರು. ಅದು ಚಪಾತಿಯಂತೆ ನಡುವಿಗೇ ಮಡಚಿಕೊಂಡಿತು. "ಮೇಷ್ಟ್ರೇ, ಇದನ್ನು ಹಾಕಿಕೊಂಡು ಕುಣಿಯುವುದೂ ಒಂದೇ, ಸಿಮೆಂಟಿನ ಮೇಲೆ ಬರಿಗಾಲಲ್ಲಿ ಕುಣಿಯುವುದೂ ಒಂದೇ" ಎಂದರು. ಬಹುಕಾಲ ಸಮಾಜ ವಿಜ್ಞಾನ ಬೋಧಿಸಿದ ನನಗೆ ಆಗ ಬೂಟಿನ ಚರಿತ್ರೆಯನ್ನು ತಿಳಿಯುವ ಮನಸ್ಸಾಯಿತು.

ಬರಿಗಾಲು ಕೀಳಲ್ಲ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಫುಟ್‌ಬಾಲ್ ಆಡಿದ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲೇ ಆಡಿದರು. 1–2ರಿಂದ ಸೋತರೂ, ಭಾರತದ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10–1ರಿಂದ ಮಣಿಸಿತು. ಅಲ್ಲಿಯೂ ನಮ್ಮ ಏಕೈಕ ಗೋಲು ಬೆಂಗಳೂರಿನವರೇ ಆದ ಅಹಮದ್ ಖಾನ್ ಅವರದು. ಅದಾದ ಮೇಲೆ ಭಾರತದ ಆಟಗಾರರಿಗೆ ಬೂಟು ಕಡ್ಡಾಯವಾಯಿತು. ನೆಲ ಬದಲಾದಾಗ ಕಾಲಿಗೆ ಬೇಕಾದದ್ದೂ ಬದಲಾಗುತ್ತದೆ ಎಂಬುದು ನಾನು ಇದರಿಂದ ಕಲಿತ ಪಾಠ.

ಏರೋಬಿಕ್ಸ್ ಎಂಬ ಹೆಸರು ಜನಪ್ರಿಯವಾದದ್ದು ಅಮೆರಿಕದ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಪುಸ್ತಕದಿಂದ. ಮುಂದೆ ಅದು ಸಂಗೀತಕ್ಕೆ ಹೆಜ್ಜೆ ಹಾಕುವ ವ್ಯಾಯಾಮವಾಗಿ ಸಭಾಂಗಣಗಳನ್ನು ಹೊಕ್ಕಿತು. ಮಣ್ಣು, ಹುಲ್ಲು ತುಳಿದಾಗ ಸ್ವಲ್ಪ ತಗ್ಗುತ್ತವೆ. ಗಟ್ಟಿ ನೆಲ ತಗ್ಗುವುದಿಲ್ಲ. ನೆಗೆದು ಇಳಿದಾಗಿನ ಪೆಟ್ಟೆಲ್ಲ ಹಿಮ್ಮಡಿ, ಮೀನಖಂಡ, ಮಂಡಿಗಳಿಗೇ ತಗಲುತ್ತದೆ. 1982ರಲ್ಲಿ ರೀಬಾಕ್ ಸಂಸ್ಥೆ ಮಹಿಳೆಯರ ಏರೋಬಿಕ್ಸ್‌ಗೆಂದೇ ಮೆದು ಚರ್ಮದ 'ಫ್ರೀಸ್ಟೈಲ್' ಬೂಟನ್ನು ತಂದಿತು. ಭೂಮಿ ಕೊಡುತ್ತಿದ್ದ ಮೆತ್ತೆಯನ್ನು ಈಗ ಬೂಟು ಕೊಡಬೇಕು.

ಕೊಳ್ಳುವವರಿಗೆ ನಾಲ್ಕು ಮಾತು. ಓಟದ ಬೂಟು ಮುಂದಕ್ಕೆ ಹೋಗುವುದಕ್ಕೆ ತಯಾರಾದದ್ದು. ಏರೋಬಿಕ್ಸ್‌ನಲ್ಲಿ ಅಕ್ಕಪಕ್ಕಕ್ಕೂ ಹೆಜ್ಜೆ ಹಾಕಬೇಕು, ಹೆಚ್ಚಾಗಿ ಮುಂಗಾಲಿನ ಮೇಲೆ ಇಳಿಯಬೇಕು. ಆದ್ದರಿಂದ ಮುಂಗಾಲಿನ ಕೆಳಗೂ ಮೆತ್ತೆ ಇರಲಿ, ಪಕ್ಕಗಳು ಪಾದವನ್ನು ಬಿಗಿಯಾಗಿ ಹಿಡಿಯಲಿ, ಹಿಮ್ಮಡಿಯ ಭಾಗ ಹಿಚುಕಿದರೆ ಕುಸಿಯದಿರಲಿ. ಬೂಟು ಬೆರಳುಗಳ ಬುಡದಲ್ಲಿ ಬಾಗಬೇಕೇ ಹೊರತು ನಡುವಿನಲ್ಲಲ್ಲ. ಸಂಜೆಯ ಹೊತ್ತಿಗೆ ಪಾದ ತುಸು ಊದಿಕೊಳ್ಳುವುದರಿಂದ ಆಗಲೇ, ಕಾಲುಚೀಲ ಧರಿಸಿ, ಎರಡೂ ಕಾಲಿಗೆ ಹಾಕಿ ನೋಡಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಲಿ. ಹೊರಗೆ ಹೊಸದರಂತೆ ಕಂಡರೂ ಒಳಗಿನ ಮೆತ್ತೆ ಬಳಕೆಯಿಂದ ಸತ್ತುಹೋಗುತ್ತದೆ ಎಂಬುದನ್ನು ಮರೆಯಬೇಡಿ.

ಇದನ್ನೆಲ್ಲ ಬರೆಯುವಾಗ ಒಬ್ಬ ಹುಡುಗನ ನೆನಪು ಕಾಡುತ್ತಿದೆ. ಶನಿವಾರದ ಕವಾಯತಿಗೆ ಬಿಳಿ ಕ್ಯಾನ್ವಾಸ್ ಬೂಟು ಕಡ್ಡಾಯವಾಗಿತ್ತು. ಕೊಳೆಯಾದ ಬೂಟಿಗೆ ನೀವು ಸೀಮೆಸುಣ್ಣ ಉಜ್ಜಿ ಬರುತ್ತಿದ್ದುದು ನನಗೆ ಗೊತ್ತಿತ್ತು, ನೋಡಿಯೂ ನೋಡದಂತಿರುತ್ತಿದ್ದೆ. ಆದರೆ ಬೂಟೇ ಇಲ್ಲದೆ ಬಂದ ಅವನನ್ನು ಸಾಲಿನಿಂದ ಹೊರಗೆ ನಿಲ್ಲಿಸಿದೆ. ಆ ಮಣ್ಣಿನ ಮೈದಾನದಲ್ಲಿ ಅವನ ಬರಿಗಾಲಿಗೆ ಯಾವ ಕೊರತೆಯೂ ಇರಲಿಲ್ಲ. ನಾನು ನೋಡಿದ್ದು ಬಿಳುಪನ್ನು, ಪಾದವನ್ನಲ್ಲ. ಮುಂದಿನ ಶನಿವಾರ ಅವನು ಯಾರದೋ ದೊಡ್ಡ ಅಳತೆಯ ಬೂಟು ಹಾಕಿಕೊಂಡು ಎಡವುತ್ತ ಬಂದ. ನಾನು ಶಹಬ್ಬಾಸ್ ಎಂದೆ!

ಅಪ್ಪಾ, ನೀನು ಇದನ್ನು ಓದುತ್ತಿದ್ದರೆ ಈ ಮೇಷ್ಟ್ರನ್ನು ಕ್ಷಮಿಸು. ನಿನ್ನ ಮಕ್ಕಳಿಗೆ ಬೂಟು ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ಅವರ ಪಾದವನ್ನು ನೋಡು.