ದ್ವೀಪವೆಂದರೇನು, ಖಂಡವೆಂದರೇನು? ಶರಾವತಿ ಹೇಳುವ ಉತ್ತರ

ಸುತ್ತಲೂ ನೀರಿರುವ ಭೂಭಾಗವೇ ದ್ವೀಪವೆಂದು ಶಾಲೆಯಲ್ಲಿ ನೀವೆಲ್ಲರೂ ಕಲಿತಿರುವಿರಷ್ಟೆ. ಈ ಲಕ್ಷಣವನ್ನು ಸ್ವಲ್ಪ ಒರೆಗೆ ಹಚ್ಚಿ ನೋಡೋಣ. ಆಸ್ಟ್ರೇಲಿಯದ ಸುತ್ತಲೂ ನೀರು. ಗ್ರೀನ್‌ಲೆಂಡಿನ ಸುತ್ತಲೂ ನೀರು. ಆದರೂ ಮೊದಲನೆಯದನ್ನು ಖಂಡವೆನ್ನುತ್ತೇವೆ, ಎರಡನೆಯದನ್ನು ದ್ವೀಪವೆನ್ನುತ್ತೇವೆ. ಆಸ್ಟ್ರೇಲಿಯದ ವಿಸ್ತಾರ ಸುಮಾರು 77 ಲಕ್ಷ ಚದರ ಕಿಲೋಮೀಟರು, ಗ್ರೀನ್‌ಲೆಂಡಿನದು ಸುಮಾರು 21 ಲಕ್ಷ. ಹಾಗಾದರೆ ಭೇದವು ಗಾತ್ರದ್ದು ಮಾತ್ರವೆ?

ಭೂವಿಜ್ಞಾನಿಗಳು ಇನ್ನೊಂದು ಮಾತನ್ನೂ ಹೇಳುತ್ತಾರೆ. ಖಂಡದ ತಳಹದಿ ಗ್ರಾನೈಟ್ ಜಾತಿಯ ಹಗುರವಾದ, ದಪ್ಪನೆಯ ಶಿಲಾಪದರ; ಸಾಗರತಳದ್ದು ಬಸಾಲ್ಟಿನ ಭಾರವಾದ, ತೆಳುವಾದ ಪದರ. ಈ ದೃಷ್ಟಿಯಿಂದ ಗ್ರೀನ್‌ಲೆಂಡು ಉತ್ತರ ಅಮೆರಿಕಕ್ಕೇ ಸೇರಿದ ನೆಲ. ಸಿಂಹಳವು ಭಾರತದ ನೆಲದ್ದೇ ಒಂದು ತುಂಡು. ನಡುವಣ ಕಡಲು ತೀರ ಆಳವಲ್ಲ. ಎಂದರೆ ಅನೇಕ ದ್ವೀಪಗಳು ನೀರಿನ ಕೆಳಗೆ ಖಂಡದೊಡನೆ ಕೂಡಿಯೇ ಇವೆ. ತಗ್ಗನ್ನು ನೀರು ತುಂಬಿದೆ, ಎತ್ತರವು ಉಳಿದಿದೆ, ಅಷ್ಟೆ.

ನಮ್ಮ ಹಿರಿಯರ ಶಬ್ದಗಳಲ್ಲಿ ಈ ಭೇದವು ಇನ್ನೂ ಸಡಿಲ. ಪುರಾಣಗಳ ಜಂಬೂದ್ವೀಪವು ನಮ್ಮ ಲೆಕ್ಕದಲ್ಲಿ ದ್ವೀಪವಲ್ಲ, ಮಹಾಖಂಡ. ಸಂಕಲ್ಪ ಹೇಳುವಾಗ ಜಂಬೂದ್ವೀಪವೂ ಬರುತ್ತದೆ, ಅದರೊಳಗೆ ಭರತಖಂಡವೂ ಬರುತ್ತದೆ. ಅಲ್ಲಿ ದ್ವೀಪವೇ ದೊಡ್ಡದು, ಖಂಡವು ಅದರ ತುಂಡು. ಖಂಡ ಎಂಬ ಮಾತಿಗೆ ತುಂಡು ಎಂದೇ ಅರ್ಥವಲ್ಲವೆ? ಇನ್ನು ದ್ವೀಪ ಶಬ್ದವನ್ನು ಬಿಡಿಸಿದರೆ ದ್ವಿ ಮತ್ತು ಅಪ್ ಎಂದಾಗುತ್ತದೆ: ಎರಡು ಕಡೆ ನೀರುಳ್ಳದ್ದು. ನಾಲ್ಕೂ ಕಡೆ ನೀರಿರಬೇಕೆಂದು ಶಬ್ದವು ಹಠ ಹಿಡಿಯುವುದಿಲ್ಲ. ಸಮೀಪ ಎಂಬ ಮಾತನ್ನೂ ವೈಯಾಕರಣರು ಇದೇ ಅಪ್ ಶಬ್ದದಿಂದ, ಇದೇ ಸೂತ್ರದಿಂದ ಸಾಧಿಸುತ್ತಾರೆ. ಅಚ್ಚಗನ್ನಡದಲ್ಲಿ ನಡುಗಡ್ಡೆಯುಂಟು, ಕರಾವಳಿಯಲ್ಲಿ ಕುದುರು, ಕುರ್ವೆ ಎಂಬ ಮಾತುಗಳುಂಟು. ಶರಾವತಿಯು ಕಡಲು ಸೇರುವ ಹೊನ್ನಾವರದ ಬಳಿ ಮಾವಿನಕುರ್ವೆ ಇದೆ.

ಆ ಕುರ್ವೆಯನ್ನು ಹೊಳೆಯು ತಾನಾಗಿ ಮಾಡಿತು. ಅದೇ ಹೊಳೆಯಲ್ಲಿ ಮೇಲೆ ಮನುಷ್ಯನು ಮಾಡಿದ ದ್ವೀಪಗಳ ಕಥೆ ಬೇರೆ. ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ, ಹೊಸನಗರ ಸೀಮೆಯನ್ನು ಹಾಯ್ದು, ಸಾಗರ ಸೀಮೆಗೆ ಬಂದು ಜೋಗದಲ್ಲಿ ಧುಮುಕುವಳು. 1940ರ ದಶಕದಲ್ಲಿ ಹಿರೇಭಾಸ್ಕರದಲ್ಲಿ ಒಂದು ಅಣೆಕಟ್ಟು ಎದ್ದಿತು. ಜೋಗದ ವಿದ್ಯುದಾಗಾರವು 1948ರಲ್ಲಿ ನಡೆಯತೊಡಗಿತು. ಅದು ಸಾಲದಾಗಿ, 1964ರಲ್ಲಿ ಲಿಂಗನಮಕ್ಕಿಯ ದೊಡ್ಡ ಅಣೆಕಟ್ಟು ಮುಗಿಯಿತು. ಹಳೆಯ ಅಣೆಕಟ್ಟೇ ಹೊಸ ನೀರಿನಲ್ಲಿ ಮುಳುಗಿತು. ಕಡು ಬೇಸಿಗೆಯಲ್ಲಿ ನೀರಿಳಿದರೆ ಇಂದಿಗೂ ತಲೆಯೆತ್ತಿ ಕಾಣುತ್ತದೆ. ಸಮುದ್ರಮಟ್ಟದಿಂದ 1819 ಅಡಿ ಎತ್ತರದವರೆಗೆ ನಿಲ್ಲುವ ಆ ನೀರು ಸುಮಾರು 300 ಚದರ ಕಿಲೋಮೀಟರು ನೆಲವನ್ನು ಆವರಿಸಿತು.

ಮುಳುಗಿದ್ದು ತಗ್ಗಿನ ನೆಲ. ಮಲೆನಾಡಿನಲ್ಲಿ ತಗ್ಗಿನ ನೆಲವೆಂದರೆ ಗದ್ದೆ, ಅಡಕೆತೋಟ, ಮನೆ, ದೇವಸ್ಥಾನ. ಉಳಿದದ್ದು ಗುಡ್ಡದ ನೆತ್ತಿ. ಸಾವಿರಾರು ಸಂಸಾರಗಳು ಊರು ಬಿಟ್ಟು ಬೇರೆ ಕಡೆ ಬೇರೂರಬೇಕಾಯಿತು. ಅವರಲ್ಲಿ ಅನೇಕರಿಗೆ ಕೊಟ್ಟ ನೆಲದ ಹಕ್ಕಿನ ಪ್ರಶ್ನೆಯು ಅರ್ಧ ಶತಮಾನ ಕಳೆದರೂ ತೀರಲಿಲ್ಲ.

ಕರೂರು, ಬಾರಂಗಿ ಹೋಬಳಿಗಳ ಜನರದು ಇನ್ನೊಂದು ಪಾಡು. ತುಮರಿಯ ಸುತ್ತಿನ ಅನೇಕರು ಮನೆ ಬಿಟ್ಟು ಕದಲಲಿಲ್ಲ, ಆದರೂ ದ್ವೀಪವಾಸಿಗಳಾದರು. ಭೂಪಟವನ್ನು ತೆರೆದು ನೋಡಿದರೆ ಅದು ಪೂರ್ಣ ದ್ವೀಪವಲ್ಲ. ಪಶ್ಚಿಮಕ್ಕೆ ಕಾಡಿನ ನಡುವೆ ಕೋಗಾರಿನತ್ತಲೂ ಹೊಸನಗರದ ನಿಟ್ಟೂರಿನತ್ತಲೂ ನೆಲದ ದಾರಿಯಿದೆ. ಆದರೆ ಕಚೇರಿ, ಆಸ್ಪತ್ರೆ, ಕಾಲೇಜುಗಳಿದ್ದ ತಾಲ್ಲೂಕಿನ ಪೇಟೆ ಸಾಗರವು ನೀರಿನಾಚೆ ಉಳಿಯಿತು. ನೆಲದ ಮೇಲೆ ಹೋಗುವುದಾದರೆ ಹತ್ತಾರು ಮೈಲಿಗಳ ಸುತ್ತು. ನಮ್ಮ ಹಳೆಯ ವ್ಯುತ್ಪತ್ತಿಯು ಇಲ್ಲಿ ಪಠ್ಯಪುಸ್ತಕಕ್ಕಿಂತ ಸರಿಯಾಗಿ ಒಪ್ಪುತ್ತದೆ.

ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ದಡಗಳ ನಡುವೆ ದಶಕಗಳ ಕಾಲ ಲಾಂಚು ಓಡಿತು. ಬಸ್ಸು, ಜೀಪು, ಸಿಗಂದೂರಿನ ಯಾತ್ರಿಕರು, ಅಡಕೆಯ ಮೂಟೆ ಎಲ್ಲವೂ ಅದರಲ್ಲೇ. ಸಂಜೆಯ ಕೊನೆಯ ಲಾಂಚು ಹೊರಟ ಮೇಲೆ ರೋಗಿಗೆ ಹತ್ತಿರದ ದಾರಿಯಿರಲಿಲ್ಲ. ವಿಚಿತ್ರವನ್ನು ಗಮನಿಸಿ: ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಲಾಂಚು ದಡ ಮುಟ್ಟಲಾರದೆ ವಾಹನಗಳನ್ನು ಒಯ್ಯುವುದು ನಿಲ್ಲುತ್ತಿತ್ತು. ನೀರು ಕಡಿಮೆಯಾದಷ್ಟೂ ಈ ದ್ವೀಪವು ಹೆಚ್ಚು ದ್ವೀಪವಾಗುತ್ತಿತ್ತು!

ಈ ಬಾಳನ್ನು ಸಾಹಿತ್ಯವು ಮರೆಯಲಿಲ್ಲ. ಸಾಗರದವರೂ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಮಾಡಿದವರೂ ಆದ ನಾ. ಡಿಸೋಜ ಅವರು ಏರುವ ನೀರಿನ ನಡುವೆ ಗುಡ್ಡದಲ್ಲೇ ಉಳಿದ ಸಂಸಾರವೊಂದರ ಕಥೆಯನ್ನು ‘ದ್ವೀಪ’ವೆಂಬ ಹೆಸರಿನಿಂದ ಬರೆದರು. ತೀರ್ಥಹಳ್ಳಿ ಸೀಮೆಯವರಾದ ಗಿರೀಶ ಕಾಸರವಳ್ಳಿಯವರು 2002ರಲ್ಲಿ ಅದನ್ನು ಚಲನಚಿತ್ರವಾಗಿಸಿದರು. ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಸ್ವರ್ಣಕಮಲ ದೊರೆಯಿತು. ಡಿಸೋಜರು 2025ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಜುಲೈ 14ರಂದು ಹಿನ್ನೀರಿನ ಮೇಲೆ 2.44 ಕಿಲೋಮೀಟರು ಉದ್ದದ ಸೇತುವೆ ತೆರೆಯಿತು. ಅಣೆಕಟ್ಟು ಮುಗಿದಂದಿನಿಂದ ಎಣಿಸಿದರೆ 61 ವರ್ಷ.

ಸೇತುವೆಯಿಂದ ನೀರೇನೂ ಸರಿಯಲಿಲ್ಲ. ಭೂಗೋಳದ ಪಾಠದಲ್ಲಿ ಬದಲಾಯಿಸಬೇಕಾದ ಅಕ್ಷರವೂ ಇಲ್ಲ. ಆದರೆ ರಾತ್ರಿಯಲ್ಲಿ ಹೆರಿಗೆಯ ನೋವೆದ್ದರೆ ಈಗ ತುಮರಿಗೆ ಸಾಗರವು ಸಮೀಪ. ಪಟ್ಟಣದಲ್ಲಿ ಕುಳಿತು ದೀಪ ಹಚ್ಚುವ, ರೇಡಿಯೋ ತಿರುಗಿಸುವ ನಾವು ಒಂದನ್ನು ನೆನೆಯಬೇಕು. ನಾಡಿಗೆಲ್ಲ ವಿದ್ಯುತ್ತಿನ ತಂತಿಯನ್ನು ಎಳೆಯಲು ತಡವಾಗಲಿಲ್ಲ. ಆ ವಿದ್ಯುತ್ತಿಗಾಗಿ ನೆಲ ಕೊಟ್ಟವರಿಗೆ ದಾರಿ ಕೊಡಲು ಮಾತ್ರ ಎರಡು ತಲೆಮಾರು ಹಿಡಿಯಿತು. ಆ ಹಿನ್ನೀರಿನಲ್ಲಿ ಇನ್ನೂ ಸೇತುವೆ ಕಾಣದ ದಡಗಳಿವೆ.